ಹತ್ತನೇ ಅಧ್ಯಾಯದ ಕೇಳುಗ

ಹತ್ತನೇ ಅಧ್ಯಾಯ ಶುಕ್ರವಾರ ಬಿಡುಗಡೆಯಾಗಬೇಕಿತ್ತು. ಮಂಗಳವಾರ ಬೆಳಿಗ್ಗೆಯೇ ಅದರ ಕೆಳಗೆ ಒಂದು ಅಭಿಪ್ರಾಯ ಬಂದು ಕೂತಿತ್ತು.

ಧಾರಿಣಿ ಚಹಾ ಲೋಟ ಕೆಳಗಿಟ್ಟಳು. ನೋಯ್ಡಾದ ಆಡಿಯೋ ಪುಸ್ತಕದ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಕನ್ನಡ ಕೇಳುಗರು ಬರೆದದ್ದನ್ನೆಲ್ಲ ಓದಬೇಕು, ಬೈಗುಳ ಕಂಡರೆ ಅಳಿಸಬೇಕು. ನಾಲ್ಕು ವರ್ಷ ಅದನ್ನೇ ಮಾಡಿ ಮನುಷ್ಯರ ಮೇಲಿದ್ದ ಗೌರವದಲ್ಲಿ ಮುಕ್ಕಾಲು ಪಾಲು ಕರಗಿಹೋಗಿತ್ತು.

ಈ ಸಲದ ಪುಸ್ತಕ 'ಕೊನೆಯ ಕೋಣೆಯ ಅತಿಥಿ'. ದೆವ್ವದ ಕಾದಂಬರಿ. ನಾಲ್ವರು ಗೆಳೆಯರು ರಜೆ ಕಳೆಯಲು ಬೆಟ್ಟದ ಬಂಗಲೆಗೆ ಹೋಗುತ್ತಾರೆ, ಮೂವರು ವಾಪಸಾಗುತ್ತಾರೆ. ಬರೆದು, ತಾನೇ ಓದಿದ್ದು ವೈಜಯಂತಿ ಎಂಬ ಕೇಂದ್ರ ಸರ್ಕಾರಿ ಅಧಿಕಾರಿ. ಅಚ್ಚಾದ ಪ್ರತಿ ಇಲ್ಲ, ಕೇಳುವುದಕ್ಕೆ ಮಾತ್ರ. ವಾರಕ್ಕೊಂದು ಅಧ್ಯಾಯ. ಒಂಬತ್ತು ಅಧ್ಯಾಯಗಳಿಗೆ ಆರುನೂರು ಅಭಿಪ್ರಾಯ ಬಿದ್ದಿದ್ದವು. 'ಬಚ್ಚಲಿಗೆ ಹೋಗೋಕೆ ಗಂಡನನ್ನ ಎಬ್ಬಿಸಿದೆ, ಐದು ಸ್ಟಾರ್.' 'ಮನಾಲಿ ಟಿಕೆಟ್ ರದ್ದು ಮಾಡಿಸಿದೆ.' 'ದೆವ್ವಕ್ಕೆ ಮಾತು ಕಡಿಮೆ, ಗೆಳೆಯರ ಮಾತು ಜಾಸ್ತಿ.'

ಇದು ಹಾಗಿರಲಿಲ್ಲ. ಬರೆದವನ ಹೆಸರು 'ಬೆಟ್ಟದಹುಲಿ'.

'ಸುಳ್ಳು ಬರೆಯೋಕೂ ಒಂದು ಲೆಕ್ಕ ಬೇಕು. ಬಾಗಿಲಿಗೆ ಒಳಗಡೆ ಚಿಲಕವೇ ಇಲ್ಲ, ಕಿತ್ತುಹೋಗಿದೆ. ಹೊರಗಡೆ ಮಾತ್ರ ಇದೆ. ಅವನು ನಿದ್ದೆಯಲ್ಲಿ ನಗುತ್ತಾ ಸಾಯಲಿಲ್ಲ. ಬಾಗಿಲು ಬಡಿದ. ಆಮೇಲೆ ಬಡಿಯೋದು ನಿಂತಿತು. ಒಂದು ಸ್ಟಾರ್.'

ಹತ್ತನೇ ಅಧ್ಯಾಯದಲ್ಲಿ ದೆವ್ವ ಒಳಗಿನಿಂದ ಚಿಲಕ ಹಾಕುತ್ತದೆ, ನಾಲ್ಕನೆಯವನು ನಿದ್ದೆಯಲ್ಲೇ ನಗುತ್ತಾ ಸಾಯುತ್ತಾನೆ. ಕಟ್ಟುಕಥೆಯ ಬಂಗಲೆಯ ಬಾಗಿಲು. ಅದರ ಚಿಲಕ ಎಲ್ಲಿತ್ತೆಂದು ಇವನಿಗೆ ಹೇಗೆ ಗೊತ್ತು? ಅವಳು ಅದನ್ನು ಅಳಿಸುವ ಬದಲು ಫೋಟೊ ತೆಗೆದಿಟ್ಟುಕೊಂಡು ಲೇಖಕಿಗೆ ಫೋನ್ ಮಾಡಿದಳು.

* * *

ಅಂದೇ ಸಂಜೆ, ದೆಹಲಿಯ ಜನಕಪುರಿಯಲ್ಲಿ ಮೂರನೇ ಮಹಡಿಯ ಮನೆ. ಬಾಗಿಲು ತೆರೆದದ್ದು ವೈಜಯಂತಿಯ ತಾಯಿ ರತ್ನಮ್ಮ.

"ಒಳಗಿದ್ದಾಳೆ ನೋಡಮ್ಮ. ಕಾಫಿ ಆಗಿದೆ, ಬೇಕಾದ್ರೆ ಬಂದು ತಗೊಳ್ಳಲಿ ಅಂತ ಹೇಳಿಬಿಡು."

ಮಗಳು ನಾಲ್ಕು ಹೆಜ್ಜೆ ದೂರದಲ್ಲೇ ಇದ್ದಳು. ತಾಯಿ ಅತ್ತ ನೋಡಲಿಲ್ಲ.

ವೈಜಯಂತಿ ಆ ಅಭಿಪ್ರಾಯವನ್ನು ಎರಡು ಸಲ ಓದಿದಳು.

"ಇದು ಕಟ್ಟುಕಥೆ ಅಲ್ಲ ಧಾರಿಣಿ. ದೆವ್ವ ಒಂದನ್ನ ನಾನು ಸೇರಿಸಿದ್ದು. ಸತ್ತಿದ್ದು ನನ್ನ ತಮ್ಮ ಅನೀಶ್."

ಮೂರು ವರ್ಷದ ಹಿಂದಿನ ಡಿಸೆಂಬರ್. ಅನೀಶ್, ಅವನ ಗೆಳೆಯರಾದ ಜೀವನ್, ಚಂದನ್, ಜೀವನನ ಹೆಂಡತಿ ಹರಿಣಿ. ಬೆಟ್ಟದ ಗೆಸ್ಟ್ ಹೌಸು, ಕೊರೆಯುವ ಚಳಿ. ಬೆಳಿಗ್ಗೆ ಅನೀಶ್ ಏಳಲಿಲ್ಲ. ಕೋಣೆಯಲ್ಲಿ ಚಳಿ ಕಾಯಿಸುವ ಒಲೆ, ಇದ್ದಿಲು ತುಂಬಿದ ಅಂಗೀಠಿ ಇತ್ತು. ಮುಚ್ಚಿದ ಕೋಣೆ, ಇದ್ದಿಲ ವಿಷಗಾಳಿ, ಆಕಸ್ಮಿಕ ಎಂದು ಪೊಲೀಸರು ಫೈಲು ಮುಚ್ಚಿದ್ದರು. ವೈಜಯಂತಿ ಆ ಕಾಗದಗಳನ್ನು ತಂದಿಟ್ಟಳು. ಗಂಡ ಹೆಂಡತಿ ಮಹಡಿಯ ಮೇಲೆ, ಚಂದನ್ ಕೆಳಗೆ ಅನೀಶನ ಪಕ್ಕದ ಕೋಣೆಯಲ್ಲಿ. ಒಂಬತ್ತಕ್ಕೇ ಮಲಗಿದೆವು, ಅನೀಶನ ಬಾಗಿಲು ಬರೀ ಮುಂದೆ ಮಾಡಿತ್ತು ಎಂದು ಮೂವರೂ ಹೇಳಿದ್ದರು.

"ಒಳಗಿಂದ ಚಿಲಕ ಹಾಕೋದು ದೆವ್ವದ ಕೆಲಸ ಅಂತ ನಾನೇ ಬರೆದೆ. ಕಾಗದದಲ್ಲಿ ಚಿಲಕದ ಮಾತೇ ಇಲ್ಲ."

"ಹತ್ತನೇ ಅಧ್ಯಾಯದಲ್ಲಿ ಅಕ್ಕ ಫೋನ್ ಮಾಡ್ತಾಳಲ್ಲ? ಚಳಿ ಇದ್ರೆ ಅಂಗೀಠಿ ಒಳಗೇ ಇಟ್ಕೋ ಅಂತ?"

ವೈಜಯಂತಿ ತಲೆ ತಗ್ಗಿಸಿದಳು. "ನಾನೇ ಅಂದಿದ್ದು. ಒಂಬತ್ತು ನಲವತ್ತಕ್ಕೆ. ಅಮ್ಮನಿಗೆ ಮಾತ್ರ ಹೇಳಿದ್ದೆ. ಅವತ್ತಿಂದ ಅಮ್ಮ ನನ್ನ ಜೊತೆ ಮಾತು ಬಿಟ್ರು. ತಮ್ಮನ್ನ ಕೊಂದವಳು ನಾನು ಅನ್ನೋದು ಅವರ ತೀರ್ಮಾನ. ನನ್ನದೂ ಅದೇ."

ಧಾರಿಣಿ ಆ ಅಭಿಪ್ರಾಯವನ್ನು ಮತ್ತೊಮ್ಮೆ ಓದಿದಳು. ಅನೀಶ್ ಬಾಗಿಲು ಬಡಿದದ್ದು ನಿಜವಾದರೆ ಎಚ್ಚರವಿದ್ದ, ಎದ್ದು ಬಂದಿದ್ದ, ಯಾರೋ ಬಿಡಲಿಲ್ಲ. ಹಾಗಾದರೆ ಈ ಹೆಂಗಸು ಯಾರದೋ ಪಾಪವನ್ನು ಮೂರು ವರ್ಷದಿಂದ ಹೊತ್ತು ತಿರುಗುತ್ತಿದ್ದಾಳೆ.

"ಈ ಅಧ್ಯಾಯ ಈಗಲೇ ಯಾರು ಯಾರಿಗೆ ಸಿಗುತ್ತೆ?"

"ನಿಮ್ಮ ಆಫೀಸಿನವರು ಮೂರು ಕೋಡ್ ಕೊಟ್ಟಿದ್ರು, ಇಡೀ ಪುಸ್ತಕ ಮುಂಚೆನೇ ಕೇಳೋಕೆ. ಕೇಳಿ ಅಂತಷ್ಟೇ ಬರೆದು, ಬೆಟ್ಟಕ್ಕೆ ಹೋಗಿದ್ದ ಆ ಮೂವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾರು ಯಾವುದನ್ನ ತಗೊಂಡ್ರೋ ಗೊತ್ತಿಲ್ಲ."

ಧಾರಿಣಿ ತನ್ನ ಲ್ಯಾಪ್‌ಟಾಪ್ ನೋಡಿದಳು. ಒಂದು ಕೋಡಿನಲ್ಲಿ ಜೀವನನ ಹೆಸರು. ಒಂದನ್ನು ಯಾರೂ ಮುಟ್ಟಿರಲೇ ಇಲ್ಲ. ಮೂರನೆಯದು ಬೆಟ್ಟದಹುಲಿ. ಹುಲಿ ಮೊದಲ ಒಂಬತ್ತು ಅಧ್ಯಾಯ ಹಾರಿಸಿ, ಹತ್ತನೆಯದನ್ನು ನಾಲ್ಕು ಸಲ ಕೇಳಿತ್ತು. ಫೋನ್ ನಂಬರು ಅವಳ ಪರದೆಯಲ್ಲಿ ಕಾಣುತ್ತಿರಲಿಲ್ಲ.

"ಶುಕ್ರವಾರದ ಒಳಗೆ ಹಿಡೀಬೇಕು ಅಕ್ಕಾ. ಆಮೇಲೆ ಈ ಅಧ್ಯಾಯ ಊರೆಲ್ಲ ಕೇಳುತ್ತೆ. ಯಾರು ಬೇಕಾದ್ರೂ ಬರೆದಿರಬಹುದು ಅಂತಾರೆ."

* * *

ಜೀವನ್ ಇಂದಿರಾಪುರಂನಲ್ಲಿ, ಹದಿನಾರನೇ ಮಹಡಿಯಲ್ಲಿದ್ದ. ಬುಧವಾರ ಸಂಜೆ ಧಾರಿಣಿ ಹೋದಾಗ ಕೂರು ಎನ್ನಲಿಲ್ಲ. ಪ್ರತಿ ಅಧ್ಯಾಯಕ್ಕೂ ಒಂದು ಸ್ಟಾರ್ ಕೊಟ್ಟವನು ಅವನೇ. ಅವಳು ಅವನ ಬೈಗುಳ ಅಳಿಸಿ ಅಳಿಸಿ ಸುಸ್ತಾಗಿದ್ದಳು.

"ತಮ್ಮನ ಹೆಣ ಇಟ್ಕೊಂಡು ಭೂತದ ಕಥೆ ಮಾಡ್ತಾರಾ? ಜನ ಅದಕ್ಕೆ ಸ್ಟಾರ್ ಹಾಕ್ತಾರೆ! ನಾಚಿಕೆ ಆಗಲ್ವಾ ನಿಮಗೆ?"

"ಬೆಟ್ಟದಹುಲಿ ನೀವೇನಾ?"

"ರೀ, ಬೈಯೋದಿದ್ರೆ ನನ್ನ ಹೆಸರಲ್ಲೇ ಬೈತೀನಿ. ಹುಲಿ ವೇಷ ಹಾಕೋ ಗತಿ ಬಂದಿಲ್ಲ ನನಗೆ."

ಒಳಗಿನಿಂದ ಹರಿಣಿ ಬಂದಳು. ದೆಹಲಿಯಲ್ಲೇ ಬೆಳೆದ ಹುಡುಗಿ. "ನಾವಿಬ್ಬರೂ ಗಾಡಿಯಲ್ಲಿ ಒಟ್ಟಿಗೇ ಕೇಳಿದ್ವಿ ದೀದಿ. ಏಕ್ ಹೀ ಕೋಡ್, ಒಂದೇ. ಇನ್ನೊಂದು ಯಾಕೆ ಬೇಕು?"

ಧಾರಿಣಿ ನಂಬಲಿಲ್ಲ. ಇಷ್ಟು ಕೋಪ ಇರುವವನ ಹೊಟ್ಟೆಯಲ್ಲಿ ಏನೋ ಇದ್ದೇ ಇರುತ್ತದೆ. ಲಿಫ್ಟಿನಲ್ಲಿ ಇಳಿಯುತ್ತ ಚಂದನ್‌ಗೆ ಫೋನ್ ಮಾಡಿದಳು. ಬೆಣ್ಣೆಯಂಥ ದನಿ.

"ಅಯ್ಯೋ, ನಾನು ಕೋಡೇ ಹಾಕಿಲ್ಲ ಮೇಡಂ. ಅನೀಶನ ಕಥೆ ಕೇಳೋ ಧೈರ್ಯ ನನಗಿಲ್ಲ. ನಾಳೆ ಬೆಳಿಗ್ಗೆ ಅನೀಶನ ಮನೆಗೆ, ಅಮ್ಮನಿಗೆ ಮಾತ್ರೆ ಕೊಡೋಕೆ ಬರ್ತಿದ್ದೀನಿ. ಅಲ್ಲೇ ಸಿಗೋಣ."

ಹಾಗಾದರೆ ಗಂಡ ಹೆಂಡತಿ ಸೇರಿ ಎರಡು ಕೋಡ್ ಬಳಸಿದ್ದಾರೆ ಎಂದು ಲೆಕ್ಕ ಹಾಕಿಕೊಂಡು ಮನೆಗೆ ಹೋದಳು. ಆ ಲೆಕ್ಕ ಪೂರ್ತಿ ತಪ್ಪಾಗಿತ್ತು.

* * *

ಗುರುವಾರ ಬೆಳಿಗ್ಗೆ ಹತ್ತೂವರೆ, ಮತ್ತೆ ಜನಕಪುರಿಯ ಮನೆ. ಚಂದನ್ ಮಾತ್ರೆಯ ಜೊತೆ ಒಂದು ಕಿಲೋ ಸೀಬೆಹಣ್ಣನ್ನೂ ತಂದಿದ್ದ. ರತ್ನಮ್ಮ ಅವನಿಗೆ ಉಪ್ಪಿಟ್ಟು ಬಡಿಸಿದರು. ತಿಂಗಳಿಗೊಮ್ಮೆ ಬರುತ್ತಾನಂತೆ. ಬಂದಾಗಲೆಲ್ಲ ಕಾಲಿಗೆ ನಮಸ್ಕಾರ ಮಾಡುತ್ತಾನಂತೆ. ಮಗ ಹೋದಮೇಲೆ ಇವನೇ ಮಗ ಎಂದು ರತ್ನಮ್ಮ ಧಾರಿಣಿಗೆ ಹೇಳಿದರು.

"ನಾಳೆ ಬಿಡುಗಡೆ ಬೇಡ ಅನ್ಸುತ್ತೆ," ಎಂದಳು ವೈಜಯಂತಿ. ಎರಡು ರಾತ್ರಿ ನಿದ್ದೆ ಇಲ್ಲದ ಕಣ್ಣು. "ನನಗೆ ಇದನ್ನ ಬರೆಯೋ ಯೋಗ್ಯತೆನೇ ಇರಲಿಲ್ಲ."

ಚಂದನ್ ತಟ್ಟೆ ಪಕ್ಕಕ್ಕಿಟ್ಟ. "ಹಾಗನ್ಬೇಡಿ ಅಕ್ಕಾ. ಅಂಗೀಠಿ ಒಳಗೇ ಇಟ್ಕೋ ಅಂತ ನೀವು ಫೋನಲ್ಲಿ ಹೇಳಿದ್ದು ಪ್ರೀತಿಯಿಂದ. ಅದಕ್ಕೆ ನಿಮ್ಮನ್ನ ನೀವೇ ಬೈಕೋಬಾರದು."

ಧಾರಿಣಿ ತಟ್ಟನೆ ತಲೆಯೆತ್ತಿದಳು.

"ಆ ಮಾತು ನಿಮಗೆ ಯಾರು ಹೇಳಿದ್ರು?"

"ಯಾವ ಮಾತು? ಅದು... ಅಕ್ಕನೇ ಯಾವಾಗಲೋ..."

"ನಾನು ಹೇಳಿಲ್ಲ," ಎಂದಳು ವೈಜಯಂತಿ.

"ಹಾಗಾದ್ರೆ ಅಮ್ಮ..."

"ಮನೆ ಮಾತು ಬೀದಿಗೆ ಹಾಕೋಳಲ್ಲ ನಾನು," ಎಂದರು ರತ್ನಮ್ಮ. ಸೌಟು ಅವರ ಕೈಯಲ್ಲೇ ಇತ್ತು.

"ಪುಸ್ತಕದಲ್ಲಿದೆ," ಎಂದಳು ಧಾರಿಣಿ. "ಹತ್ತನೇ ಅಧ್ಯಾಯದಲ್ಲಿ. ಆದರೆ ನೀವು ಕೇಳೇ ಇಲ್ಲವಲ್ಲ?"

ಚಂದನ್ ತುಟಿ ಒದ್ದೆ ಮಾಡಿಕೊಂಡ. "ಅಚ್ಛಾ, ಈಗ ನೆನಪಾಯ್ತು. ಅನೀಶನೇ ಹೇಳಿದ್ದ. ಅವತ್ತು ರಾತ್ರಿ. ಅಕ್ಕ ಫೋನ್ ಮಾಡಿದ್ಲು, ಹೀಗಂದ್ಲು ಅಂತ."

"ಫೋನ್ ಬಂದಿದ್ದು ಒಂಬತ್ತು ನಲವತ್ತಕ್ಕೆ. ಒಂಬತ್ತಕ್ಕೇ ಮಲಗಿದೆ ಅಂತ ಪೊಲೀಸರ ಮುಂದೆ ಬರೆದುಕೊಟ್ಟವರು ನೀವು. ನಿಮ್ಮ ಸಹಿ ಇದೆ."

ಧಾರಿಣಿ ಪೊಲೀಸರ ಕಾಗದವನ್ನು ಅವನ ಮುಂದಿಟ್ಟಳು.

"ಎರಡರಲ್ಲಿ ಒಂದನ್ನ ಆರಿಸ್ಕೊಳ್ಳಿ ಚಂದನ್. ಪುಸ್ತಕದಿಂದ ಗೊತ್ತಾಗಿದ್ರೆ ಬೆಟ್ಟದಹುಲಿ ನೀವು. ಅನೀಶ್ ಹೇಳಿದ್ರೆ, ಅವತ್ತು ಒಂಬತ್ತು ನಲವತ್ತಾದ ಮೇಲೂ ಅವನ ಜೊತೆ ಎಚ್ಚರವಾಗಿದ್ದೋರು ನೀವು. ಎರಡರಲ್ಲೂ ಸುಳ್ಳುಗಾರ ನೀವೇ."

"ಹುಲಿ ಗಿಲಿ ನನಗೆ ಗೊತ್ತಿಲ್ಲ! ಬಾಗಿಲು ಬಡಿದದ್ದು ನಾನು ಕೇಳಿಲ್ಲ!"

"ಬಾಗಿಲು ಬಡಿದ ವಿಷಯ ನಾನಿನ್ನೂ ಎತ್ತಿಲ್ಲವಲ್ಲ," ಎಂದಳು ಧಾರಿಣಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆಮೇಲೆ ಚಂದನ್ ಹೇಳಿದ್ದೆಲ್ಲ ನೆಲ ನೋಡುತ್ತಲೇ ಹೇಳಿದ.

ಅನೀಶನಿಗೆ ದೆವ್ವದ ಭಯ. ಅದಕ್ಕೆ ಅಂದು ರಾತ್ರಿ ಚಂದನ್ ಅವನನ್ನು ಕೂರಿಸಿಕೊಂಡು ದೆವ್ವದ ಕಥೆ ಹೇಳಿದ. ಅವನು ಒಳಗೆ ಹೋದಮೇಲೆ ಹೊರಗಿನಿಂದ ಚಿಲಕ ಹಾಕಿದ. ತಮಾಷೆಗೆ, ಹತ್ತು ನಿಮಿಷಕ್ಕೆ. ಸ್ವಲ್ಪ ಹೊತ್ತಿಗೆ ಬಡಿತ ಕೇಳಿಸಿತು. ಹೆದರಿದ್ದಾನೆ ಎಂದು ನಕ್ಕು ಹಾಡಿನ ಸದ್ದು ಜೋರು ಮಾಡಿದ. ಕುಡಿದಿದ್ದ, ಹಾಗೇ ನಿದ್ದೆ ಹೋದ. ಎಚ್ಚರವಾದಾಗ ಬೆಳಗಿನ ಐದು. ಚಿಲಕ ತೆಗೆದರೆ ಅನೀಶ್ ಬಾಗಿಲಿಗೇ ಒರಗಿ ಬಿದ್ದಿದ್ದ. ಎತ್ತಿ ಹಾಸಿಗೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಬಾಗಿಲು ಮುಂದೆ ಮಾಡಿ ಬಂದ. ಮಹಡಿಯ ಮೇಲಿದ್ದವರಿಗೆ ಏನೂ ತಿಳಿಯಲಿಲ್ಲ.

"ಮತ್ಯಾಕೆ ಅದನ್ನ ಬರೆದೆ?" ವೈಜಯಂತಿ ಕೇಳಿದಳು.

"ತಡೆಯೋಕಾಗ್ಲಿಲ್ಲ ಅಕ್ಕಾ. ನಗುತ್ತಾ ಹೋದ ಅಂತ ಬರೆದಿದ್ರಿ. ದಿನಾ ಆ ಬಡಿತ ಕೇಳ್ತಿರೋನು ನಾನು. ಎಲ್ಲಾ ಅಧ್ಯಾಯಕ್ಕೂ ನೂರಾರು ಜನ ಬರೀತಾರೆ, ಇದೂ ಅದರಲ್ಲಿ ಸೇರಿಹೋಗುತ್ತೆ ಅಂದ್ಕೊಂಡೆ."

ಆ ಅಧ್ಯಾಯ ಇನ್ನೂ ಹೊರಗೆ ಬಂದೇ ಇಲ್ಲ, ಕೇಳಿದವರು ಮೂವರು ಮಾತ್ರ ಎಂಬುದು ಅವನಿಗೆ ತಿಳಿದಿರಲಿಲ್ಲ. ತಾನು ಬಲ್ಲ ಸಂಗತಿಯನ್ನು ಇನ್ನೊಬ್ಬರು ತಪ್ಪು ಹೇಳಿದರೆ ಮನುಷ್ಯನಿಗೆ ಸುಮ್ಮನಿರಲು ಬರುವುದಿಲ್ಲ. ಗುಟ್ಟು ತನ್ನ ಕುತ್ತಿಗೆಗೇ ಬರುವಂಥದ್ದಾದರೂ ತಿದ್ದಬೇಕು. ಅದಕ್ಕೆ ಒಂದು ಸ್ಟಾರ್ ಬೇರೆ.

ಧಾರಿಣಿಗೆ ಅವನ ಮೇಲಿನಷ್ಟೇ ಸಿಟ್ಟು ತನ್ನ ಮೇಲೂ ಬಂತು. ಬೈದವನನ್ನು ಹಿಡಿ, ಸಿಹಿ ಮಾತಿನವನನ್ನು ಬಿಡು. ನಾಲ್ಕು ವರ್ಷ ಕಲಿತದ್ದು ಅದೇ. ಜೀವನ್ ಗೆಳೆಯನ ಸಾವಿಗೆ ಉರಿದುಬಿದ್ದು ಬೈದಿದ್ದ. ಇವನು ಉಂಡ ಮನೆಯಲ್ಲೇ ಕೂತು ಒಂದು ಹೆಂಗಸಿಗೆ ಸಮಾಧಾನ ಹೇಳುತ್ತ, ಅವಳೇ ಕೊಂದಳೆಂಬುದನ್ನು ಮತ್ತಷ್ಟು ಗಟ್ಟಿ ಮಾಡುತ್ತಿದ್ದ.

ಚಂದನ್ ಎದ್ದು ರತ್ನಮ್ಮನ ಕಾಲಿಗೆ ಬಗ್ಗಿದ. ಅವರು ಕಾಲು ಹಿಂದೆಳೆದುಕೊಂಡರು.

"ಮುಟ್ಟಬೇಡ! ಮೂರು ವರ್ಷ ನಿನಗೆ ಕೈಯಾರೆ ಬಡಿಸಿದೆ ಕಣೋ. ನಿನಗೆ ಹಾಕಬೇಕಾದ ಶಾಪನೆಲ್ಲ ಹೆತ್ತ ಮಗಳಿಗೆ ಹಾಕಿದೆ. ನೀನು ನೋಡ್ತಾ ಕೂತು ಉಂಡೆ!"

ಧಾರಿಣಿ ಬಾಗಿಲಿಗೆ ಅಡ್ಡ ನಿಂತು ಪೊಲೀಸರ ನೂರಾ ಹನ್ನೆರಡಕ್ಕೆ ಫೋನ್ ಮಾಡುತ್ತಿದ್ದಳು. ವೈಜಯಂತಿ ದೂರು ಬರೆಯಲು ಕಾಗದ, ಪೆನ್ನು ತೆಗೆದುಕೊಂಡು ಮೇಜಿನ ಮುಂದೆ ಕೂತಳು. ಇಪ್ಪತ್ತು ವರ್ಷ ಸರ್ಕಾರಿ ಕಾಗದ ಬರೆದ ಕೈ. ಈಗ ಮೊದಲ ಸಾಲೇ ಮೂಡುತ್ತಿರಲಿಲ್ಲ.

ರತ್ನಮ್ಮ ಹೋಗಿ ಮಗಳ ಪಕ್ಕದ ಕುರ್ಚಿ ಎಳೆದುಕೊಂಡರು.

"ವೈಜೂ," ಎಂದರು. ಮೂರು ವರ್ಷದಲ್ಲಿ ಮೊದಲ ಸಲ. "ಬಾಗಿಲು ಬಡಿದಾಗ ತೆಗೀಲಿಲ್ಲ ಅಂತ ಬರಿ. ಅದೇ ಮೊದಲು ಬರಿ. ಆಮೇಲೆ, ನನ್ನ ಮಗಳು ನಿರಪರಾಧಿ ಅಂತ ನಾನು ಕೆಳಗೆ ಬರೆದು ಸಹಿ ಹಾಕ್ತೀನಿ."