ಮೇಲೇಳದ ಡ್ರೋನ್

ಗುರುವಾರ ಸಂಜೆ ಐದೂಮುಕ್ಕಾಲಿಗೆ ನಂಜನಗೂಡು ರಸ್ತೆಯ ವಿಮಾನ ನಿಲ್ದಾಣದ ಬೇಲಿಯೊಳಗೆ ಒಂದು ಡ್ರೋನ್ ಬಿದ್ದು ಹೊತ್ತಿಕೊಂಡಿತು. ಇಳಿಯುತ್ತಿದ್ದ ವಿಮಾನ ಮತ್ತೆ ಮೇಲೇರಿ ಇಪ್ಪತ್ತು ನಿಮಿಷ ಸುತ್ತಬೇಕಾಯಿತು. ಡ್ರೋನಿನ ಮೆಮೊರಿ ಸುಟ್ಟು ಕರಕಲಾಗಿತ್ತು. ಉಳಿದದ್ದು ನೋಂದಣಿ ಸಂಖ್ಯೆ ಕೊರೆದ ತಗಡು ಮಾತ್ರ. ಅದು ಅಮರನ ಸಂಖ್ಯೆ.

ಮರುದಿನ ಬೆಳಿಗ್ಗೆ ಅಮರನ ಅಕ್ಕ ಅನುಪಮಾ ಸರಸ್ವತಿಪುರಂನಲ್ಲಿ ಚೂಡಾಮಣಿಯವರ ಬಾಗಿಲಿಗೆ ಬಂದು ನಿಂತಳು. ಚೂಡಾಮಣಿ ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಬಿಡಿಸಲಾಗದ ಪ್ರಕರಣ ಬಂದರೆ ಪೊಲೀಸರೂ ಅವರ ಮೆಟ್ಟಿಲು ಹತ್ತುತ್ತಿದ್ದರು. ಆರು ವರ್ಷದಿಂದ ಅವರ ಜೊತೆ ಓಡಾಡಿ, ಟಿಪ್ಪಣಿ ಬರೆದುಕೊಂಡವಳು ಅನುಪಮಾ. ಅಂದು ಅವಳೇ ದೂರು ಹೊತ್ತು ಬಂದಿದ್ದಳು.

"ಕೂತ್ಕೊಳಮ್ಮ. ಮೊದಲಿಂದ ಹೇಳು."

"ಅಮರ್‌ಗೆ ನಿನ್ನೆ ಜ್ವರ ಇತ್ತಮ್ಮ. ಮಾತ್ರೆ ನುಂಗಿ ಮನೇಲೇ ಮಲಗಿದ್ದ. ನಾನು ಟ್ಯುಟೋರಿಯಲ್‌ನಲ್ಲಿ ಪಾಠಕ್ಕೆ ಹೋಗಿದ್ದೆ, ನಮ್ಮನೆಯವರು ಸ್ಟುಡಿಯೋದಲ್ಲಿದ್ರು. ಅವನು ಮಲಗಿದ್ದಕ್ಕೆ ಸಾಕ್ಷಿ ಯಾರೂ ಇಲ್ಲ. ವಿಮಾನ ಇಳಿಯೋದನ್ನ ಶೂಟ್ ಮಾಡೋ ಹುಚ್ಚಿತ್ತಂತಲ್ಲ ಅಂತಾರೆ ಪೊಲೀಸರು. ಮುಂದಿನ ವಾರ ಡ್ರೋನ್ ಹಾರಿಸೋ ಕೆಲಸಕ್ಕೇ ಸೇರ್ಬೇಕಿತ್ತು. ಕೇಸಾದ್ರೆ ಎಲ್ಲಾ ಮುಗೀತು."

ಚೂಡಾಮಣಿ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಚಾಮರಾಜಪುರಂನ ಮನೆಗೆ ಹೊರಟರು.

ಆ ಡ್ರೋನನ್ನು ಅಮರ್ ತಾನೇ ಜೋಡಿಸಿದ್ದ. ಅದನ್ನಿಡುತ್ತಿದ್ದ ಕಪಾಟಿಗೆ ಬೀಗವಿರಲಿಲ್ಲ. ರಿಮೋಟ್ ಎಂದಿನ ಜಾಗದಲ್ಲೇ ಇತ್ತು. ಪಕ್ಕದಲ್ಲಿದ್ದ ಪ್ಲೈವುಡ್ ಹಲಗೆಯ ಮೇಲೆ ಧೂಳು ಕೂತಿತ್ತು.

"ಇದ್ಯಾತಕ್ಕಪ್ಪ?"

"ಡ್ರೋನ್ ಇದರ ಮೇಲಿಟ್ಟೇ ಎಬ್ಬಿಸೋದು ಮೇಡಂ," ಎಂದ ಅಮರ್, ಹೊದಿಕೆಯೊಳಗಿಂದ. "ಕೆಳಗೆ ಕಬ್ಬಿಣ ಇದ್ರೆ ಅದರ ದಿಕ್ಸೂಚಿ ಕೆಡ್ತದೆ."

ಅಷ್ಟರಲ್ಲಿ ಅನುಪಮಾಳ ಗಂಡ ರಾಜೇಶ್ ಬಂದ. ದೇವರಾಜ ಮೊಹಲ್ಲಾದಲ್ಲಿ ಅವನದು ಮದುವೆ ಫೋಟೋ ತೆಗೆಯುವ ಸ್ಟುಡಿಯೋ. "ವಕೀಲರನ್ನ ನೋಡ್ಕೊಂಡು ಬಂದೆ, ಹೆದರ್ಬೇಡ," ಎಂದು ಹೆಂಡತಿಯ ಕೈ ಹಿಡಿದುಕೊಂಡ. ಕೇಳುವ ಮೊದಲೇ ತನ್ನ ಡ್ರೋನಿನ ಪೆಟ್ಟಿಗೆಯನ್ನೂ ಮುಂದಿಟ್ಟ. "ಇದನ್ನೂ ನೋಡ್ಬುಡಿ ಮೇಡಂ. ಗುರುವಾರ ಸ್ಟುಡಿಯೋ ಬಿಟ್ಟು ಕದಲಿಲ್ಲ. ಇಂಥ ದುಬಾರಿ ಡ್ರೋನ್ ಇರುವಾಗ ಅವನ ಆಟದ ಸಾಮಾನು ನಂಗ್ಯಾಕೆ?"

ಚೂಡಾಮಣಿ ಪೆಟ್ಟಿಗೆಯನ್ನು ತೆಗೆದುಕೊಂಡರು.

ಮಧ್ಯಾಹ್ನ ಅನುಪಮಾಳೂ ಅವರೂ ಬಸ್ಸಿನಲ್ಲಿ ವಿಮಾನ ನಿಲ್ದಾಣದ ಕಡೆ ಹೋದರು. ಬೇಲಿಯಾಚೆ ದನ ಮೇಯಿಸುತ್ತಿದ್ದ ಮೂಗಯ್ಯ ಎಲ್ಲವನ್ನೂ ಕಂಡಿದ್ದ.

"ಮೊದ್ಲು ಸಣ್ಣಕೆ ಗುಂಡುಗೆ ಸುತ್ತುತಿತ್ತು ಕಣವ್ವ. ಆಮ್ಯಾಕೆ ಸುತ್ತು ದೊಡ್ಡದಾಯ್ತಾ ಓಯ್ತು. ಕುಡುದೋರಂಗೆ ತೂರಾಡ್ಕೊಂಡು ಬೇಲಿ ಒಳೀಕೆ ಬಿತ್ತು."

"ಎದ್ದಿದ್ದೆಲ್ಲಿಂದ?" ಎಂದರು ಚೂಡಾಮಣಿ.

"ಆ ಛತ್ರದ ಇಂದ್ಲಿಂದ. ಆವತ್ತು ಅಲ್ಲಿ ಆರತಕ್ಷತೆ."

ಶನಿವಾರ ಬೆಳಿಗ್ಗೆ ಚೂಡಾಮಣಿಯವರ ನಡುಮನೆಯಲ್ಲಿ ಎಲ್ಲರೂ ಸೇರಿದರು. ಇನ್‌ಸ್ಪೆಕ್ಟರ್ ವಸಿಷ್ಠ ಗೋಡೆಗೊರಗಿ ನಿಂತಿದ್ದರು.

"ತಾನೆಲ್ಲಿದ್ದೀನಿ ಅಂತ ಡ್ರೋನಿಗೆ ಜಿಪಿಎಸ್ ಹೇಳ್ತದೆ," ಎಂದು ಚೂಡಾಮಣಿ ಶುರು ಮಾಡಿದರು. "ಯಾವ ಕಡೆ ಮುಖ ಅಂತ ದಿಕ್ಸೂಚಿ ಹೇಳ್ಬೇಕು. ದಿಕ್ಸೂಚಿ ತಪ್ಪು ಹೇಳಿದ್ರೆ, ಒಂದೇ ಕಡೆ ನಿಲ್ಲೋಕೆ ಹೋಗಿ ಡ್ರೋನ್ ಸುತ್ತೋಕೆ ಶುರು ಮಾಡ್ತದೆ. ಮೂಗಯ್ಯ ಕಂಡಿದ್ದು ಅದನ್ನೇ. ಯಾರೋ ಅದನ್ನ ಕಬ್ಬಿಣದ ಮೇಲೆ, ಕಾರಿನ ಮೇಲೋ ಏನೋ ಇಟ್ಟು ಎಬ್ಬಿಸಿದ್ದಾರೆ. ಅಮರ್ ಹಲಗೆ ಇಲ್ಲದೆ ಹಾರಿಸೋನಲ್ಲ, ಹಲಗೆ ಮೇಲಿನ ಧೂಳು ಕದಲಿರಲಿಲ್ಲ."

"ಜ್ವರದಲ್ಲಿ ಮರೆತಿರಬಹುದಲ್ಲ?" ಎಂದರು ವಸಿಷ್ಠ.

"ಮರೆತ ಅಂತಲೇ ಇಟ್ಕೊಳ್ಳಿ. ಆರತಕ್ಷತೆಗೆ ಅವನು ಯಾಕೆ ಹೋಗ್ತಾನೆ? ಅಲ್ಲಿ ಡ್ರೋನ್ ಬೇಕಾಗೋದು ಫೋಟೋದವರಿಗೆ. ರಾಜೇಶ್ ಅವರ ಡ್ರೋನಿನೊಳಗೆ ಹಾರಬಾರದ ಜಾಗಗಳ ನಕ್ಷೆ ಇದೆ. ವಿಮಾನ ನಿಲ್ದಾಣದ ಹತ್ತಿರ ಅದರ ರೆಕ್ಕೆ ತಿರುಗೋದೇ ಇಲ್ಲ. ಅಮರನದಕ್ಕೆ ಆ ಕಟ್ಟುಪಾಡಿಲ್ಲ. ತಮ್ಮದು ಏಳದಿದ್ದರೆ ಇರಲಿ ಅಂತ, ಜ್ವರದಲ್ಲಿ ಮಲಗಿದ್ದ ಅಮರನ ಡ್ರೋನನ್ನೂ ಜೊತೆಗೇ ಒಯ್ದರು. ಅದು ಬಿದ್ದ ಮೇಲೆ ರಿಮೋಟ್ ತಂದು ಕಪಾಟಿನಲ್ಲಿಟ್ಟರು."

ಅನುಪಮಾ ಗಂಡನ ಕಡೆ ತಿರುಗಿದಳು. ಅವನು ನಗಲು ನೋಡಿದ. "ನಂದು ಹಾರೇ ಇಲ್ವಲ್ಲ ಮೇಡಂ."

"ಹಾರಲಿಲ್ಲ, ನಿಜ. ಆದರೆ ಹಾರಲಾರೆ ಅಂದಿದ್ದನ್ನೂ ಅದು ಬರೆದಿಟ್ಟುಕೊಂಡಿದೆ."

ವಸಿಷ್ಠ ಆ ಡ್ರೋನಿನಿಂದ ತೆಗೆಸಿದ್ದ ದಾಖಲೆಯ ಕಾಗದವನ್ನು ಜೇಬಿನಿಂದ ತೆಗೆದು ಓದಿದರು. "ಗುರುವಾರ, ಐದು ಇಪ್ಪತ್ತು. ನಿಷೇಧಿತ ವಲಯ, ಹಾರಲು ಅನುಮತಿ ಇಲ್ಲ. ಜಾಗ, ಛತ್ರದ ಹಿಂದಿನ ಅಂಗಳ."

ರಾಜೇಶ್ ತಲೆ ತಗ್ಗಿಸಿದ. "ಐದು ನಿಮಿಷದ ಶಾಟ್ ಅಷ್ಟೆ. ಕೈ ಮೀರೋಯ್ತು ಅನು. ಬೇಕೂಂತ ಮಾಡಿಲ್ಲ."

ಅಷ್ಟೇ ಆಗಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ. ಆದರೆ ಆರು ವರ್ಷದ ಅಭ್ಯಾಸ ಅವಳನ್ನು ಸುಮ್ಮನಿರಲು ಬಿಡಲಿಲ್ಲ. "ಸಾರ್, ಅಮರ್‌ಗೆ ವಿಮಾನ ಶೂಟ್ ಮಾಡೋ ಹುಚ್ಚು ಅಂತ ನಿಮಗೆ ಹೇಳಿದ್ಯಾರು?"

ವಸಿಷ್ಠ ತಡೆದು ಹೇಳಿದರು: "ಇವರೇ ಕಣಮ್ಮ. ಶುಕ್ರವಾರ ಬೆಳಿಗ್ಗೆ ಬೇಗನೇ ಸ್ಟೇಷನ್ನಿಗೆ ಬಂದಿದ್ರು."

ವಕೀಲರನ್ನು ನೋಡಲು ಹೋಗಿದ್ದೆನೆಂದು ರಾಜೇಶ್ ಹೇಳಿದ್ದ ಬೆಳಿಗ್ಗೆ ಅದು.

"ಕೇಸು ನನ್ನ ಮೇಲೆ ಬಿದ್ರೆ ಸ್ಟುಡಿಯೋ ಮುಚ್ಬೇಕಾಗ್ತಿತ್ತು," ಎಂದ ರಾಜೇಶ್. "ಅವನಿನ್ನೂ ಚಿಕ್ಕೋನು. ಬೇರೆ ಕೆಲಸ ಸಿಕ್ತದೆ ಅನ್ಕೊಂಡೆ."

"ಎರಡು ದಿನ ನಾನು ಅಳ್ತಿದ್ದಾಗ ಪಕ್ಕದಲ್ಲೇ ಕೂತಿದ್ರಿ," ಎಂದಳು ಅನುಪಮಾ. ದನಿ ಏರಲಿಲ್ಲ. "ತಲೆ ಸವರಿ ಸಮಾಧಾನ ಮಾಡ್ತಿದ್ರಿ ಕಣ್ರೀ."

ಅಮರ್ ಭಾವನನ್ನು ನೋಡುತ್ತಲೇ ಇದ್ದ.

ಪೊಲೀಸ್ ಜೀಪು ಹತ್ತುವಾಗ ರಾಜೇಶ್ ನಿಂತು, "ನೀನೂ ಸ್ಟೇಷನ್ನಿಗೆ ಬಾ ಅನು. ಯಾರಾದ್ರೂ ಜೊತೇಲಿರ್ಬೇಕು," ಎಂದ.

ಅನುಪಮಾ ತಮ್ಮನ ಹಣೆ ಮುಟ್ಟಿ ನೋಡಿದಳು. ಇನ್ನೂ ಬಿಸಿಯಿತ್ತು. "ಡಾಕ್ಟ್ರು ಒಂದು ಗಂಟೆಗೆ ಎದ್ದೋಗ್ತಾರೆ, ನಡಿಯೋ," ಎಂದು ಅವನ ತೋಳು ಹಿಡಿದು, ಜೀಪನ್ನು ದಾಟಿ ಹೋಗಿ, ಆಟೊಗೆ ಕೈ ತೋರಿಸಿದಳು.