ಬಿಗಿ ಜಡೆ

"ಬಿಗಿಯಾಗಿ ಹಾಕಮ್ಮ! ನಿನ್ನೆನೂ ಪ್ರೇಯರ್‌ನಲ್ಲೇ ಬಿಚ್ಚೋಯ್ತು," ಎಂದಳು ಸಹನ.

"ಬಿಗಿಯಾಗೇ ಆಕ್ತಾ ಇವ್ನಿ ಕಣೇ. ತಲೆ ಅಲ್ಲಾಡಿಸ್ಬ್ಯಾಡ."

ಅಮ್ಮನ ಬೆರಳಿನಿಂದ ರಿಬ್ಬನ್ನು ಜಾರಿ ನೆಲಕ್ಕೆ ಬಿತ್ತು. ಅಮ್ಮ ಬಗ್ಗಿ ಎತ್ತಿಕೊಂಡಳು. ಮತ್ತೆ ಜಾರಿತು.

"ಕ್ಲಾಸಲ್ಲಿ ಎಲ್ರೂ ನನ್ನ 'ಪೊರ್ಕೆ, ಪೊರ್ಕೆ' ಅಂತಾರೆ. ಒಂದ್ ಜಡೆ ಹಾಕಕ್ಕೂ ಬರಲ್ವಾ ನಿಂಗೆ?"

ಬಾಚಣಿಗೆ ಕಿತ್ತುಕೊಂಡು ಸಹನ ಪಕ್ಕದ ಮನೆಯ ಚಂದ್ರಕಲ ಆಂಟಿಯ ಹತ್ತಿರ ಓಡಿದಳು. ಆಂಟಿ ಕಣ್ಣು ಎಳೆಯುವಷ್ಟು ಬಿಗಿಯಾಗಿ ಹೆಣೆದರು. ಸಂಜೆಯಾದರೂ ಒಂದು ಎಳೆ ಕದಲಲಿಲ್ಲ.

"ಚೆಂದಾಗದೆ," ಎಂದಳು ಅಮ್ಮ. ಅಂದಿನಿಂದ ಬಾಚಣಿಗೆ ದಿನಾ ಪಕ್ಕದ ಮನೆಗೇ ಹೋಯಿತು.

ಗೌರಿ ಹಬ್ಬದ ಹಿಂದಿನ ದಿನ ಅಮ್ಮ ಹಸು ಕರೆದು ಎದ್ದಾಗ ಹಾಲಿನ ಬಕೆಟ್ಟು ಕೈಜಾರಿತು. ಡೈರಿಗೆ ಹೋಗಬೇಕಿದ್ದ ಹಾಲೆಲ್ಲ ಕೊಟ್ಟಿಗೆಯಲ್ಲಿ ಹರಿಯಿತು. ಕೈ ತೋರಿಸಲು ಆಸ್ಪತ್ರೆಗೆ ಹೋದರೆ ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಟ್ಟರು.

"ಸ್ಕ್ಯಾನಿಂಗಾ? ಪಾಪು ಬತ್ತದಾ ಅಮ್ಮ?"

"ಥೂ, ಸುಮ್ಕಿರೇ! ಕೈಗೂ ಮಾಡ್ತಾರಂತೆ."

ಪಾಂಡವಪುರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರು ಅಮ್ಮನ ಮೊಣಕೈಗೆ ತಣ್ಣನೆಯ ಜೆಲ್ ಹಚ್ಚಿದರು. ಅದರ ಮೇಲೆ ಮೈಕಿನಂಥ ಒಂದು ಸಾಧನವನ್ನು ಮೆಲ್ಲಗೆ ಆಡಿಸಿದರು. ಪರದೆಯಲ್ಲಿ ಬೂದು ಗೆರೆಗಳು ಮೂಡಿದವು.

"ಇದೇ ನರ. ನೋಡಿ, ಇಲ್ಲಿ ಬಿಗಿಯಾಗಿ ಅದುಮಿಕೊಂಡಿದೆ. ಅದಕ್ಕೇ ಮೇಲ್ಗಡೆ ಊದಿದೆ. ಕಿರುಬೆರಳು, ಉಂಗುರದ ಬೆರಳಲ್ಲಿ ಸ್ಪರ್ಶ ಗೊತ್ತಾಗ್ದೆ ಹಿಡಿತ ತಪ್ತಿರೋದು ಇದರಿಂದಲೇ."

ಸಹನ ಕತ್ತು ಚಾಚಿ ನೋಡಿದಳು. ರಬ್ಬರ್ ಬ್ಯಾಂಡ್ ಹಾಕಿದಲ್ಲಿ ಜಡೆ ಸಣ್ಣಗಾಗಿ, ಮೇಲೆ ಉಬ್ಬುತ್ತದಲ್ಲ, ಹಾಗೇ ಇತ್ತು.

"ಯಾವಾಗಿಂದ ಹಿಂಗೆ?" ಎಂದು ಡಾಕ್ಟರು ಕೇಳಿದರು.

"ಈಗೀಗ ಸಾ. ಮೊನ್ನೆ ಹಾಲು ಚೆಲ್ದಾಗಿಂದ," ಎಂದಳು ಅಮ್ಮ.

"ಅಲ್ಲ," ಎಂಬ ಮಾತು ಸಹನಳ ಬಾಯಿಂದ ತಾನಾಗೇ ಬಂತು. "ಸ್ಕೂಲು ಶುರುವಾದಾಗಿಂದ. ಜಡೆ... ಬಿಚ್ಚೋಗ್ತಿತ್ತು."

ಡಾಕ್ಟರು ಅವಳ ಕಡೆ ತಿರುಗಿದರು. "ಆಗ್ಲೇ ಬಂದಿದ್ರೆ ಚೆನ್ನಾಗಿತ್ತು. ಈಗ ಆಪರೇಷನ್ ಬೇಕಾಗಬಹುದು. ಆದ್ರೂ ಪೂರ್ತಿ ಶಕ್ತಿ ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ."

ಬಸ್ಸಿನಲ್ಲಿ ಅಮ್ಮ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದಳು. ಸಹನ ಅವಳ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗೊತ್ತಾಯ್ತದಾ ಅಮ್ಮ?"

"ಏನು ಗೊತ್ತಾಗ್ಬೇಕವ್ವ?" ಅಮ್ಮ ಈ ಕಡೆ ತಿರುಗಲೇ ಇಲ್ಲ.

ಮಾರನೆಯ ಬೆಳಿಗ್ಗೆ ಸಹನ ಬಾಚಣಿಗೆ, ರಿಬ್ಬನ್ನು ತಂದು ಅಮ್ಮನ ಮುಂದೆ ಕೂತಳು.

"ಆಂಟಿ ಕಾಯ್ತಾವ್ರೆ, ಓಗು. ನನ್ ಕೈಲಿ ಬಿಗಿಯಾಗಿ ಬರಕಿಲ್ಲ."

"ಸಡಿಲವಾಗೇ ಹಾಕು."

ಅಮ್ಮ ಅವಳ ಕೂದಲನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಬಾಚಣಿಗೆ ತಲೆಗೆ ತಾಗಿತು.

ರಿಬ್ಬನ್ನು ಜಾರಿ ಬಿತ್ತು. ಸಹನ ಪಕ್ಕಕ್ಕೆ ಕೈ ಚಾಚಿ, ತಡಕಿ, ಎತ್ತಿ ಕೊಟ್ಟಳು. ಮತ್ತೆ ಜಾರಿತು. ಮತ್ತೆ ಎತ್ತಿ ಕೊಟ್ಟಳು.

ತಲೆ ಮಾತ್ರ ಅಲ್ಲಾಡಿಸಲಿಲ್ಲ.