ಹಳದಿ ಕ್ಲಿಪ್ಪು

ಹೇಳಿಬಿಡಲೇ? ಇವತ್ತಲ್ಲದಿದ್ದರೆ ಇನ್ನೆಂದು? ಆದರೆ ಹೇಳಿದ ಮೇಲೂ ಈ ಕಣ್ಣುಗಳು ತನ್ನನ್ನು ಹೀಗೇ ನೋಡುತ್ತವೆಯೇ?

ಶಾಲೆಯ ಹೊಸ ಕೋಣೆಯ ಬಾಗಿಲಲ್ಲಿ ನಿಂತು ಕ್ಯಾಮೆರಾಮನ್ ಇಷ್ಟನ್ನೇ ಮತ್ತೆ ಮತ್ತೆ ಯೋಚಿಸುತ್ತಿದ್ದ. ಆಟಿಸಂ ಇರುವ ಮಕ್ಕಳು ಸದ್ದಿಗೆ, ಬೆಳಕಿಗೆ ಕಂಗೆಟ್ಟಾಗ ಬಂದು ಕೂರಲೆಂದು ಕಟ್ಟಿದ ಕೋಣೆ ಅದು. ಮೆತ್ತನೆಯ ಗೋಡೆ, ಮಂದ ಬೆಳಕು. ಪಕ್ಕದಲ್ಲೇ ಅಪ್ಪ ಅಮ್ಮಂದಿರು ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳಲು ಪುಟ್ಟ ಹಾಲ್. ಎರಡೂ ಎದ್ದು ನಿಂತದ್ದು ಅವನು ತೆಗೆದ ಸಹಾಯಾರ್ಥ ವಿಡಿಯೋದಿಂದ.

"ಏನ್ ಕ್ಯಾಮೆರಾ ಸಾಹೇಬ್ರೇ, ಒಳಗೆ ಬರೋಕೆ ನಾಚಿಕೆನಾ?" ಟೀಚರ್ ಓರೆಗಣ್ಣಲ್ಲಿ ನಕ್ಕಳು.

"ಚಪ್ಪಲಿ ಬಿಡ್ಬೇಕೋ ಏನೋ ಅಂತ ನೋಡ್ತಿದ್ದೆ."

"ಆಗ್ಲೇ ಬಿಟ್ಟಿದ್ದೀರಲ್ಲ!"

ಅವನು ತನ್ನ ಬರಿಗಾಲು ನೋಡಿಕೊಂಡ.

ಒಳಗೆ ಕಿಟಕಿಯ ಬಳಿ ಅವಳ ತಂಗಿ ಪುಟ್ಟಿ ಹಗ್ಗಕ್ಕೆ ಬಟ್ಟೆ ಕ್ಲಿಪ್ಪುಗಳನ್ನು ಸಿಕ್ಕಿಸುತ್ತಿದ್ದಳು. ಕೆಂಪು, ನೀಲಿ, ಹಸಿರು. ಆಮೇಲೆ ಒಂದು ಕ್ಲಿಪ್ಪಿನಷ್ಟು ಜಾಗ ಖಾಲಿ. ಮತ್ತೆ ಬಿಳಿ. ಅಲ್ಲಿದ್ದ ಹಳದಿಯದು ಕಳೆದುಹೋದ ಮೇಲೆ ಆ ಜಾಗಕ್ಕೆ ಅವಳು ಬೇರೆ ಯಾವುದನ್ನೂ ಬರಗೊಟ್ಟಿರಲಿಲ್ಲ.

ಆ ಹಳದಿ ಕ್ಲಿಪ್ಪು ಅವನ ಜೇಬಿನಲ್ಲಿತ್ತು.

ಶೂಟಿಂಗ್ ದಿನ ಪುಟ್ಟಿ ನಗುತ್ತಲೇ ಇದ್ದಳು. ನಗುವ ಮಗುವನ್ನು ನೋಡಿ ಯಾರ ಕರುಳು ಚುರುಕ್ ಅಂದೀತು ಎನ್ನಿಸಿತ್ತು ಅವನಿಗೆ. ಟೀಚರ್ ನೀರು ತರಲು ಹೋದಾಗ ಕ್ಲಿಪ್ಪನ್ನು ಎತ್ತಿಟ್ಟುಕೊಂಡ. ಹುಡುಕಾಡುತ್ತಾಳೆ, ಮುಖ ಸಪ್ಪಗಾಗುತ್ತದೆ, ಅಷ್ಟೇ ಅಂದುಕೊಂಡಿದ್ದ. ಪುಟ್ಟಿ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದಳು. ಟೀಚರ್ ಓಡಿಬಂದು ಗೋಡೆಗೂ ಹಣೆಗೂ ನಡುವೆ ತನ್ನ ಅಂಗೈ ಒಡ್ಡಿದಳು. ಕ್ಯಾಮೆರಾ ಓಡುತ್ತಲೇ ಇತ್ತು.

ಆ ಅಂಗೈ ನೋಡಿಯೇ ಜನ ಕೈಬಿಚ್ಚಿ ಕೊಟ್ಟಿದ್ದರು. ಅವನು ಅವಳಿಗೆ ಮನಸೋತದ್ದೂ ಆ ಅಂಗೈ ನೋಡಿಯೇ.

"ಒಂದು ಮಾತು ಹೇಳ್ಲಾ?" ಟೀಚರ್ ದನಿ ತಗ್ಗಿಸಿದಳು. "ಅವತ್ತು ಪುಟ್ಟಿ ಹಾಗಾಡಿದ್ದು ನನ್ನಿಂದ್ಲೇ. ಸೆಂಟ್ ಹಾಕ್ಕೊಂಡಿದ್ದೆ. ವಾಸನೆ ಅವಳಿಗೆ ಆಗಲ್ಲ ಅಂತ ಗೊತ್ತಿದ್ದೂ. ಆ ಗಲಾಟೇಲೇ ಪಾಪ, ಅವಳ ಕ್ಲಿಪ್ಪೂ ಕಳೆದ್ಹೋಯ್ತು."

"ಗೊತ್ತಿದ್ದೂ ಮತ್ಯಾಕೆ…"

"ನೀವು ಬರ್ತೀರಿ ಅಂತ, ಪೆದ್ದು!" ಅವಳ ಕಿವಿ ಕೆಂಪಾಯಿತು. "ಆಮೇಲೆ ಬಾಟ್ಲೀನೇ ಬಿಸಾಕಿದೆ. ನನ್ನ ಕಟ್ಕೊಂಡ್ರೆ ಮಲ್ಲಿಗೆ ಘಮ, ಗುಲಾಬಿ ಘಮ ಏನೂ ಇರಲ್ಲ. ಆಗುತ್ತಾ?"

ಅವನು ಜೇಬಿನೊಳಗಿನ ಕ್ಲಿಪ್ಪನ್ನು ಬೆರಳಲ್ಲಿ ಒತ್ತಿ ಹಿಡಿದ.

"ಆಗುತ್ತೆ," ಎಂದ.

ಅವಳ ಮುಖ ನೋಡಲಾರದೆ ಹಗ್ಗದ ಬಳಿ ಹೋಗಿ ಕ್ಲಿಪ್ಪನ್ನು ಚಾಚಿದ. ಪುಟ್ಟಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಖಾಲಿ ಜಾಗಕ್ಕೆ ಸಿಕ್ಕಿಸಿದಳು. ಆಮೇಲೆ ಅವನ ಜೇಬನ್ನು ಹೊರಗಿನಿಂದ ಮೆಲ್ಲಗೆ ತಟ್ಟಿ ನೋಡಿದಳು, ಇನ್ನೇನಾದರೂ ಉಳಿದಿದೆಯೇ ಎಂಬಂತೆ.

"ಅಯ್ಯೋ, ಎಲ್ಲಿ ಸಿಕ್ತು ರೀ?"

"ಬ್ಯಾಗಿನ ತಳದಲ್ಲಿ ಬಿದ್ದಿತ್ತು."

"ನೋಡೇ ಪುಟ್ಟಿ, ಭಾವ ಹುಡುಕಿ ತಂದ್ರು!"

ಪುಟ್ಟಿ ಅವನ ಕಡೆ ತಿರುಗಲಿಲ್ಲ.

ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೂ, ಅಂಗಡಿಗೆ ಹೋದಾಗ ಅವಳು ಒಂದು ಬಾಟ್ಲಿಯ ಮುಚ್ಚಳ ತೆಗೆದು, ಮೂಸಿ, ಕಣ್ಣು ಮುಚ್ಚಿ, ಹಾಗೆಯೇ ಇಟ್ಟುಬಿಡುತ್ತಿದ್ದಳು. ಅವನು ಪಕ್ಕದಲ್ಲೇ ನಿಂತಿರುತ್ತಿದ್ದ.

ಅವತ್ತಿನದು ಸೆಂಟಿನಿಂದ ಆದದ್ದಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.